ಅಣ್ಣಾನ ಮೂಗು, ನಮ್ಮ ಇದ್ದಿಲು

ಮೊನ್ನೆ ನನ್ನ ಹೆಂಡತಿ ಫ್ರಿಜ್ಜಿನೊಳಗಿಡಲು ಅಂಗೈಯಗಲದ ಒಂದು ಬಿಳಿ ಡಬ್ಬಿ ತಂದಳು. ಅರ್ಧ ಹೆಚ್ಚಿಟ್ಟ ಉಳ್ಳಾಗಡ್ಡಿ, ನಿನ್ನೆಯ ಪುಂಡಿಪಲ್ಲೆ, ಬಳ್ಳೊಳ್ಳಿ ಚಟ್ನಿ, ಇವೆಲ್ಲವುಗಳ ವಾಸನೆಯನ್ನು ಅದು ಸದ್ದಿಲ್ಲದೆ ನುಂಗುತ್ತದಂತೆ. ಡಬ್ಬಿಯ ಮೇಲೆ ಹಿಮ ಮುಸುಕಿದ ಪರ್ವತದ ಚಿತ್ರವಿತ್ತು. ಹೊರಗೆ ಪರ್ವತದ ಚಿತ್ರ ಕಂಡರೆ ಒಳಗೇನಿದೆಯೋ ಎಂಬ ಗುಮಾನಿ ನನಗೆ ತಾನಾಗಿ ಬರುತ್ತದೆ. ಚಾಕು ತಂದು ಡಬ್ಬಿಯ ಬೆನ್ನು ಸೀಳಿದೆ. ಸಾಸಿವೆಗಿಂತ ತುಸು ದಪ್ಪನೆಯ ಕರಿ ಕಾಳುಗಳು ಅಡುಗೆಮನೆಯ ಕಟ್ಟೆ ತುಂಬ ಚೆಲ್ಲಿದವು. ಇದ್ದಿಲು. ಮೂಗಿಗೆ ಹಿಡಿದು ನೋಡಿದೆ. ಯಾವ ವಾಸನೆಯೂ ಇರಲಿಲ್ಲ, ಇರಲೂಬಾರದು.

“ಇಂಥಾದ್ದನ್ನ ನಾ ಚೀಲಗಟ್ಟಲೆ ಮಾಡೀನಿ” ಎಂದೆ.

“ಅದಕ್ಕ ಮನಿಯಾಗ ಒಂದ ಕಾಳೂ ಇರಲಿಲ್ಲ” ಎನ್ನುತ್ತ ಆಕೆ ಕಸಬರಿಗೆಯನ್ನು ನನ್ನ ಕೈಗೆ ಕೊಟ್ಟಳು.

ಗುಡಿಸುತ್ತ ಗುಡಿಸುತ್ತ ನನಗೆ ನಿಪ್ಪಾಣಿಯ ಅಣ್ಣಾ ನೆನಪಾದರು. ಸರಿಯಾಗಿ ಹೇಳಬೇಕೆಂದರೆ ಮೊದಲು ಅವರ ಮೂಗು ನೆನಪಾಯಿತು, ಆಮೇಲೆ ಅದರ ಹಿಂದೆ ಅವರು. ಅವರು ಎಲ್ಲಿಗೆ ಹೋದರೂ ಇದೇ ಕ್ರಮ. ಬಾಗಿಲಿನಲ್ಲಿ ಮೊದಲು ಮೂಗು ಕಾಣಿಸುತ್ತಿತ್ತು, ಅದರ ಒಪ್ಪಿಗೆ ಸಿಕ್ಕ ಮೇಲೆ ಮನುಷ್ಯ ಒಳಗೆ ಬರುತ್ತಿದ್ದರು.

ಮುಂದಿನದನ್ನು ಹೇಳುವ ಮೊದಲು ನಿಮಗೊಂದು ಎಚ್ಚರಿಕೆ ಕೊಡಬೇಕು. ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯವಿಲ್ಲ. ಅಣ್ಣಾನ ಗೋದಾಮಿನ ಬಾಗಿಲು ನೀಲಿಯದಾಗಿತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಅವರ ಮಗ ಭರಮು ಹಸಿರು ಎಂದು ಆಣೆ ಮಾಡುತ್ತಾನೆ. ಹೋಗಿ ನೋಡೋಣವೆಂದರೆ ಅಲ್ಲೀಗ ಬೂದು ಬಣ್ಣದ ರೋಲಿಂಗ್ ಶಟರ್ ಇದೆ. ಇಬ್ಬರು ವಿದ್ಯಾವಂತರು ಒಂದೇ ಬಾಗಿಲಿನಲ್ಲಿ ವರ್ಷಗಟ್ಟಲೆ ಓಡಾಡಿದ್ದಕ್ಕೆ ಉಳಿದ ಜ್ಞಾನ ಇಷ್ಟು. ಆದ್ದರಿಂದ ನಾನು ಹೇಳುವುದರಲ್ಲಿ ಒಂದಿಷ್ಟನ್ನು ಸೋಸಿ ತೆಗೆದುಕೊಳ್ಳಿ.

ನಾನು ತೆಲಸಂಗದವನು. ಬಿಳಿಜೋಳದ ನೆಲದಿಂದ ಹೊರಟು, ವಿಶ್ವವಿದ್ಯಾಲಯವೊಂದರಲ್ಲಿ ಬಹಳ ವರ್ಷ ಕೂತು, ಇದ್ದಿಲಿನೊಳಗಿನ ತೂತುಗಳ ಮೇಲೆ ಪಿಎಚ್‌ಡಿ ಮಾಡಿದೆ. ಊರಿಗೆ ಬಂದಾಗ ಜನ ಕೇಳುತ್ತಿದ್ದರು: ಯಾವುದರ ಮ್ಯಾಲ ಮಾಡೀರಿ? ತೂತುಗಳ ಮೇಲೆ ಎಂದರೆ ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ಎಲ್ಲೂ ನೆಲೆ ನಿಲ್ಲದ ಕಾಲದಲ್ಲಿ, ಕಾಲೇಜಿನ ಗೆಳೆಯ ಭರಮು ನಿಪ್ಪಾಣಿಯಿಂದ ಫೋನು ಮಾಡಿದ. ಅಥಣಿ ದಾರಿಯಲ್ಲಿ ಒಂದು ಸಕ್ಕರೆ ಕಾರ್ಖಾನೆಯವರು ಡಿಸ್ಟಿಲರಿಯ ಹೊಲಸು ನೀರಿನಿಂದ ಅನಿಲ ತೆಗೆಯುತ್ತಿದ್ದಾರೆ, ಅದನ್ನು ಬೇರ್ಪಡಿಸಲು ಅವರಿಗೆ ಒಳ್ಳೆಯ ಇದ್ದಿಲು ಬೇಕಂತೆ, ಹೊರಗಿನದು ಬಹಳ ತುಟ್ಟಿಯಂತೆ. “ನಿನ್ನ ತೂತಿಗೆ ಗಿರಾಕಿ ಸಿಕ್ಕಾರ, ಬಾ” ಎಂದ. ಮಾರನೆಯ ದಿನವೇ ಬಸ್ಸು ಹತ್ತಿದೆ.

ಅನಿಲ ಬೇರ್ಪಡಿಸುವುದೆಂದರೆ ಏನು ಎಂಬುದನ್ನು ನಾನು ಹತ್ತಾರು ರೀತಿಯಲ್ಲಿ ವಿವರಿಸಿ ಸೋತಿದ್ದೇನೆ. ಈಗ ಬಸ್ಸಿನ ಉದಾಹರಣೆಗೆ ಬಂದು ನಿಂತಿದ್ದೇನೆ. ಆ ಹೊಲಸು ನೀರಿನಿಂದ ಏಳುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಅದು ಉರಿಯುತ್ತದೆ. ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್, ಅದು ಉರಿಯುವುದಿಲ್ಲ, ಸುಮ್ಮನೆ ಜಾಗ ಹಿಡಿಯುತ್ತದೆ. ಎರಡನ್ನೂ ಇದ್ದಿಲು ತುಂಬಿದ ಉಕ್ಕಿನ ಕಂಬದೊಳಗೆ ಒತ್ತಿ ನುಗ್ಗಿಸಬೇಕು. ಆ ಕಂಬವೇ ಮಿರಜಿಗೆ ಹೋಗುವ ಬಸ್ಸು. ಡೈಆಕ್ಸೈಡ್ ಎಂಬುದು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಗಿರಾಕಿ. ಮೀಥೇನ್ ಮರ್ಯಾದಸ್ಥ, ಹತ್ತಿ, ಸೀಟಿಲ್ಲದೆ, ಹಿಂದಿನ ಬಾಗಿಲಿನಿಂದ ಇಳಿದು ಹೋಗುತ್ತದೆ. ನಮಗೆ ಬೇಕಾದದ್ದು ಹೀಗೆ ಇಳಿದು ಹೋದದ್ದು. ಆಮೇಲೆ ಒತ್ತಡ ಬಿಟ್ಟರೆ ಕೂತವರೂ ಎದ್ದು ಹೋಗುತ್ತಾರೆ, ಬಸ್ಸು ಮತ್ತೆ ಖಾಲಿ. ಎಲ್ಲವೂ ಸೀಟಿನ ಅಳತೆಯ ಮೇಲೆ ನಿಂತಿದೆ. ಅಗಲವಾದರೆ ಇಬ್ಬರೂ ಕೂರುತ್ತಾರೆ, ಕಿರಿದಾದರೆ ಯಾರೂ ಕೂರುವುದಿಲ್ಲ. ಹದವಾದ ಸೀಟು ಕೊರೆಯುವುದೇ ನನ್ನ ವಿದ್ಯೆ.

ಭರಮುವಿನ ಮನೆ ತಲೆಮಾರುಗಳಿಂದ ತಂಬಾಕಿನ ವ್ಯಾಪಾರದ ಮನೆ. ಅವನು ತಂದೆಯನ್ನು ಅಣ್ಣಾ ಎನ್ನುತ್ತಿದ್ದ, ಆದ್ದರಿಂದ ಪೇಟೆಯೆಲ್ಲ ಅಣ್ಣಾ ಎನ್ನುತ್ತಿತ್ತು. ಗೋದಾಮಿನ ಮುಂದಿನ ಪಡಸಾಲೆಯಲ್ಲಿ ಬಿಳಿ ಹಾಸಿನ ಗಾದಿ, ಅದರ ಮೇಲೆ ಲೋಡಿಗೆ ಒರಗಿ ಅಣ್ಣಾ, ಅಣ್ಣಾನ ಮುಖದ ಮೇಲೆ ಮೂಗು. ಬೀಡಿ ತಂಬಾಕಿನ ಚೀಲದಿಂದ ಒಂದು ಚಿಟಿಕೆ ತೆಗೆದು, ಅಂಗೈಯಲ್ಲಿ ತಿಕ್ಕಿ, ಒಮ್ಮೆ ಮೂಸಿದರೆಂದರೆ ಯಾವ ಊರಿನ ಹೊಲ, ಯಾವ ಮಳೆಯ ನಂತರ ಕೊಯ್ದದ್ದು, ಚೀಲ ತುಂಬುವಾಗ ನೀರು ಚಿಮುಕಿಸಿದ್ದಾರೋ ಇಲ್ಲವೋ ಎಲ್ಲ ಹೇಳುತ್ತಿದ್ದರು. ಹೇಳಿದ್ದು ಸರಿಯೋ ತಪ್ಪೋ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅಣ್ಣಾ ಹೇಳಿದ ಮೇಲೆ ಯಾರೂ ಮತ್ತೆ ಮೂಸಿ ನೋಡುತ್ತಿರಲಿಲ್ಲ. ಕೊಲ್ಹಾಪುರ ಕಡೆಯ ಗಿರಾಕಿಗಳು ತಂಬಾಕು ಕೊಳ್ಳುತ್ತಿದ್ದರೋ ಅಣ್ಣಾನ ಮೂಗನ್ನು ಕೊಳ್ಳುತ್ತಿದ್ದರೋ ಎಂದು ನನಗೆ ಅನುಮಾನ.

ನನ್ನನ್ನು ಅವರು ಮೊದಲ ದಿನದಿಂದ “ಡಾಕ್ಟರ್ರ” ಎಂದು ಕರೆದರು. ಗೌರವಕ್ಕಲ್ಲ.

“ಡಾಕ್ಟರ್ರ, ನಿಮ್ಮ ಮಾಲಿಗೆ ವಾಸನಿ ಹ್ಯಾಂಗಿರ್ತೈತಿ?”

“ವಾಸನಿ ಇರೂದಿಲ್ರಿ. ಅದ ಬ್ಯಾರೇದರ ವಾಸನಿ ತಿಂತೈತಿ.”

“ತನ್ನದಂತೂ ಇಲ್ಲ, ಇನ್ನೊಬ್ರದ ತಿಂತೈತಿ. ನಮ್ಮ ಪೇಟ್ಯಾಗ ಅಂಥಾವರು ಭಾಳ ಮಂದಿ ಅದಾರ. ಅದಕ್ಕ ಭಟ್ಟಿ ಯಾಕ ಹಚ್ಚಬೇಕು?”

ಇದ್ದಿಲಿನ ಒಳಮೈ ಎಷ್ಟು ವಿಶಾಲವೆಂದು ತೋರಿಸಿ ಅವರನ್ನು ಗೆಲ್ಲಲು ನೋಡಿದೆ. ಒಂದು ಚಮಚ ಪುಡಿಯೊಳಗಿನ ತೂತುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಎಕರೆ ಹೊಲದಷ್ಟಾಗುತ್ತದೆ ಎಂದೆ. ಅಣ್ಣಾ ಚಮಚವನ್ನು ತಿರುಗಿಸಿ ನೋಡಿ, “ಎಕರೆ ಐತಿ ಅಂದ್ರ ಉತಾರ ಎಲ್ಲಿ? ಯಾರ ಹೆಸರ್ಲೆ ಐತಿ?” ಎಂದು ಹೊಲದ ಪಹಣಿ ಕೇಳಿದರು. ಭರಮು ನಕ್ಕ. ನಾನು ನಗಲಿಲ್ಲ. ಆಗ ನಾನು ವಿಜ್ಞಾನದ ವಿಷಯದಲ್ಲಿ ನಗುತ್ತಿರಲಿಲ್ಲ.

ನಮ್ಮ ಕೆಲಸವನ್ನು ಆ ಮನೆಯಲ್ಲಿ ತಡವಿಲ್ಲದೆ ಅರ್ಥ ಮಾಡಿಕೊಂಡವರು ಭರಮುವಿನ ತಾಯಿ ಆಯಿ. ಜೈನರ ಮನೆ. ನೀರನ್ನು ಎರಡು ಪದರದ ಅರಿವೆಯಲ್ಲಿ ಗಾಳಿಸದೆ ಯಾರ ಬಾಯಿಗೂ ಹೋಗುವಂತಿಲ್ಲ. ನಮ್ಮ ಕಡೆ ಗಾಳಿಸುವುದೆಂದರೆ ಸೋಸುವುದು. ಮರಾಠಿಯ ಗಾಳಣೆಯೂ ನಮ್ಮ ಗಾಳಿಸುವುದೂ ಒಂದೇ ಓಣಿಯವು. “ನೀರ ಗಾಳಸ್ತೀವಿ, ಹಿಟ್ಟ ಗಾಳಸ್ತೀವಿ. ನಮ್ಮ ಭರಮು ಗಾಳಿ ಗಾಳಸ್ತಾನ” ಎಂದು ಆಯಿ ಓಣಿಗೆಲ್ಲ ಹೇಳಿದರು. ನನ್ನ ಪ್ರಬಂಧದ ಶೀರ್ಷಿಕೆ ಒಂದೂವರೆ ಸಾಲಿನದು. ಅದರಲ್ಲಿ ಇದ್ದದ್ದೂ ಈ ಎರಡು ಪದಗಳೇ, ಬಾಕಿಯದೆಲ್ಲ ಪರೀಕ್ಷಕರ ಭಯ. ಅಣ್ಣಾ ಮಾತ್ರ, “ಗಾಳಿ ಗಾಳಸಿ ಗಾಳಸಿ ಒಂದಿನಾ ಗಾಳ್ಯಾಗ ಹೋಗ್ತೀರಿ” ಎಂದರು.

ಮೊದಲು ಕಾಗವಾಡದಿಂದ ದ್ರಾಕ್ಷಿ ಬಳ್ಳಿ ಸವರಿದ ಚಾಟಣಿ ಕಡ್ಡಿ ತಂದು ಸುಟ್ಟೆವು. ಆ ಇದ್ದಿಲಿನ ಸೀಟು ಅಗಲವಾದವು, ಎಲ್ಲರೂ ಕೂತರು. ಕಬ್ಬಿನ ಸಿಪ್ಪೆ ನೋಡಿದೆವು. ಅದು ಪುಡಿಪುಡಿಯಾಗಿ ಕಂಬ ಕಟ್ಟಿಕೊಂಡಿತು. ಕಡೆಗೆ ಕಣ್ಣೆದುರಿಗೇ ಇದ್ದ ತಂಬಾಕಿನ ದಂಟು ಹೊಳೆಯಿತು. ಎಲೆ ಬಿಡಿಸಿದ ಮೇಲೆ ಹೊಲದ ಬದುವಿನಲ್ಲಿ ಬಿಸಾಡುವ ವಸ್ತು. ಅದರ ಒಳಗೇ ಪೊಟ್ಯಾಶ್ ಇರುವುದರಿಂದ ಕಾಸಿದಾಗ ಅದು ತನ್ನ ತೂತನ್ನು ತಾನೇ ಕೊರೆದುಕೊಳ್ಳುತ್ತದೆ. ಗಾಳಿಯಾಡದ ಹಳೆಯ ಡ್ರಮ್ಮಿನಲ್ಲಿ ಮೊದಲ ಸುಡಿಗೆ, ಆಮೇಲೆ ಭಟ್ಟಿಯಲ್ಲಿ ಕೆಂಪಗೆ ಕಾದ ಇದ್ದಿಲಿನ ಮೇಲೆ ನೀರಿನ ಉಗಿ, ಆಮೇಲೆ ತೊಳೆದು ಒಣಗಿಸುವುದು. ಭರಮು ಆ ಡ್ರಮ್ಮಿನ ಮುಂದೆ ಕೂತ ಹಾಗೆ ನಾನು ನನ್ನ ಪ್ರಬಂಧದ ಮುಂದೆ ಎಂದೂ ಕೂತಿರಲಿಲ್ಲ. ಮುಖ ಕರಿ, ಹುಬ್ಬು ಅರ್ಧ ಸುಟ್ಟದ್ದು, ಆದರೂ ಯಾರೋ ಹಾಡು ಹೇಳಿಕೊಡುತ್ತಿದ್ದಾರೆ ಎಂಬಂತೆ ಉಗಿಯ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ.

ತಯಾರಾದ ಮಾಲನ್ನು ಇಡಲು ಜಾಗವಿರಲಿಲ್ಲ. ಅಣ್ಣಾನ ಗೋದಾಮಿನ ಒಂದು ಮೂಲೆಯಲ್ಲಿ, ತಂಬಾಕಿನ ಚೀಲಗಳ ನಡುವೆ, ನಮ್ಮ ಇದ್ದಿಲಿನ ಗೋಣಿಚೀಲಗಳನ್ನು ಬಾಯಿ ತೆರೆದೇ ಇಟ್ಟೆವು. ವಾಸನೆ ಹೀರುವ ವಸ್ತುವನ್ನು ಇಡಲು ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಕೆಟ್ಟ ಜಾಗ ಇರಲಿಲ್ಲ. ಬೇರೆ ಊರಿನವನಾಗಿದ್ದರೆ ಒಳಗೆ ಕಾಲಿಡುತ್ತಲೇ ಸೀನಿ, ಸೀನಿನ ಜೊತೆಗೆ ಬುದ್ಧಿಯೂ ಬರುತ್ತಿತ್ತು. ಆದರೆ ನಿಪ್ಪಾಣಿಯಲ್ಲಿ ಹುಟ್ಟಿದ ಭರಮುವಿಗೆ ತಂಬಾಕಿನ ವಾಸನೆಯೆಂದರೆ ಗಾಳಿಯ ವಾಸನೆ, ಅಂದರೆ ಏನೂ ಇಲ್ಲ. ತೆಲಸಂಗದ ನನ್ನ ಮೂಗು ಬಂದ ಹೊಸದರಲ್ಲಿ ಪ್ರತಿಭಟಿಸಿತ್ತು. ತಿಂಗಳೊಪ್ಪತ್ತಿನಲ್ಲಿ ಅದೂ ಊರಿನ ಪಾಲಾಯಿತು. ಹೀಗೆ ವಾಸನೆ ತಿಳಿಯದ ಇಬ್ಬರು ವಾಸನೆ ಹೀರುವ ಮಾಲನ್ನು ತಂಬಾಕಿನ ನಡುವೆ ಇಟ್ಟು ಬೀಗ ಹಾಕಿದೆವು.

ಆ ಮಳೆಗಾಲದ ಕೊನೆಯಲ್ಲಿ ಒಂದು ದಿನ ಅಣ್ಣಾ ನನ್ನನ್ನು ಗಾದಿಯ ಹತ್ತಿರ ಕರೆದು ದನಿ ತಗ್ಗಿಸಿದರು.

“ಡಾಕ್ಟರ್ರ, ನನ್ನ ಮೂಗ ಸ್ವಲ್ಪ ನೋಡ್ರಿ.”

“ನಾ ಆ ಡಾಕ್ಟರ್ ಅಲ್ರಿ ಅಣ್ಣಾ.”

“ತೂತಿನ ಡಾಕ್ಟರ್ ಹೌದಲ್ಲ? ಇದೂ ತೂತ ಐತಿ, ನೋಡ್ರಿ.”

ತಮಾಷೆಯಾಗಿ ಶುರುವಾದರೂ ಅವರು ಬಾಗಿಲ ಕಡೆ ತಿರುಗಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಗೋದಾಮಿನಲ್ಲಿ ವಾಸನೆಯೇ ಬರುತ್ತಿಲ್ಲ ಎಂದರು. ಮೊದಲು ಮಾಲು ಕೆಟ್ಟಿದೆ ಎಂದುಕೊಂಡರಂತೆ, ಯಾರೋ ಚೀಲ ಬದಲಿಸಿದ್ದಾರೆ ಎಂದುಕೊಂಡರಂತೆ. ಹೊಸ ಚೀಲ ಬಿಚ್ಚಿ ಮೂಸಿದರೂ ಅಷ್ಟೇ. ಭರಮು ಅವರನ್ನು ಮಿರಜಿಗೆ ಕರೆದುಕೊಂಡು ಹೋದ. ನಮ್ಮ ಕಡೆಯವರಿಗೆ ಯಾವ ಅಂಗ ಕೈಕೊಟ್ಟರೂ ಮಿರಜೇ ಗತಿ. ಡಾಕ್ಟರು ಭರಮುವನ್ನು ಹೊರಗೆ ಕೂಡಿಸಿ ಅಣ್ಣಾನ ಜೊತೆ ಬಹಳ ಹೊತ್ತು ಮಾತಾಡಿದರಂತೆ. ಅಣ್ಣಾ ಒಂದು ಸಣ್ಣ ಬಾಟಲಿ ಹನಿಯೊಂದಿಗೆ ಹೊರಬಂದು, “ಹನಿ ಹಾಕ್ಕೋರಿ, ನೋಡೂಣು ಅಂದ್ರು” ಎಂದಷ್ಟೇ ಹೇಳಿದರು.

ನೋಡುತ್ತ ನೋಡುತ್ತ ವಾರಗಳು ಹೋದವು, ಮೂಗು ಬರಲಿಲ್ಲ. ತಂಬಾಕಿನ ಗಾದಿಗೆ ಮೂಗಿಲ್ಲದವನು ಕೂರುವುದೆಂದರೆ ಏನೆಂದು ಆ ಮನೆಯವರಿಗೆ ಗೊತ್ತಿತ್ತು. ಪೇಟೆಗೆ ಸುದ್ದಿ ಹೋದರೆ ಗಿರಾಕಿ ಪಕ್ಕದ ಗಾದಿಗೆ ಹೋಗುತ್ತಾನೆ. ಒಂದು ಸಂಜೆ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ, ಅಣ್ಣಾ ತಟ್ಟೆ ನೋಡುತ್ತ ಹೇಳಿದರು:

“ಭರಮು, ದೀಪಾವಳಿ ಪಾಡ್ಯಕ್ಕ ನೀ ಗಾದಿ ಮ್ಯಾಲ ಕೂಡಬೇಕಾಗ್ತೈತಿ. ನಿನ್ನ ಮೂಗರ ಇನ್ನೂ ಕೆಲಸಾ ಮಾಡ್ತೈತಿ.”

ಭರಮು ತಕರಾರು ಮಾಡಲಿಲ್ಲ. ಹೂಂ ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅದನ್ನು ತಿನ್ನಲಿಲ್ಲ. ಗಾದಿಗೆ ಕೂತವನಿಗೆ ಭಟ್ಟಿಯ ಮುಂದೆ ಕೂರುವ ಬಿಡುವು ಇರುವುದಿಲ್ಲ. ಹಾಗೆಂದರೆ ನಮ್ಮ ಇದ್ದಿಲು ಮುಗಿಯಿತು. ಮರುದಿನದಿಂದ ಅವನು ಮೂಸುವುದನ್ನು ಕಲಿಯಲು ಹತ್ತಿದ. ಚಿಟಿಕೆ ತೆಗೆದು, ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಬೇವಿನೆಣ್ಣೆ ಕುಡಿದವನ ಹಾಗೆ ಮುಖ ಮಾಡುತ್ತಿದ್ದ.

ಅದೇ ವಾರ ಕಾರ್ಖಾನೆಯಲ್ಲಿ ನಮ್ಮ ಮಾಲಿನ ಪರೀಕ್ಷೆ ಇತ್ತು. ಒಪ್ಪಿದ ಮಾತಿಗಾದರೂ ಹೋಗಿಬರೋಣ ಎಂದು ಹೋದೆವು. ಪರೀಕ್ಷಾ ಕಂಬಕ್ಕೆ ನಮ್ಮ ಇದ್ದಿಲು ತುಂಬಿ ಅನಿಲ ಬಿಟ್ಟರೆ, ಮೀಥೇನ್ ಮತ್ತು ಡೈಆಕ್ಸೈಡ್ ಹೊಸ ಮದುಮಕ್ಕಳ ಹಾಗೆ ಕೈಕೈ ಹಿಡಿದುಕೊಂಡು ಆಚೆ ತುದಿಯಿಂದ ಹೊರಬಂದವು. ಒಂದೂ ಸೀಟು ಖಾಲಿ ಇರಲಿಲ್ಲ. ನಾನು ನಂಬದೆ ಕಂಬವನ್ನು ಕಾಸಿ ಮತ್ತೊಮ್ಮೆ ನೋಡೋಣವೆಂದೆ. ಹೀಟರು ಹಚ್ಚಿ ಅರ್ಧ ಗಂಟೆಯಾಗಿರಬೇಕು, ರಾಯಬಾಗದ ಕಡೆಯ ಇಂಜಿನಿಯರ್ ತಮ್ಮ ಕೋಣೆಯಿಂದ ಓಡಿಬಂದರು.

“ಯಾರಲೇ ಬೀಡಿ ಸೇದಾಕತ್ತೀರಿ? ಇಲ್ಲಿ ಗ್ಯಾಸ್ ಐತಿ, ನಿಮ್ಮ ಜೋಡಿ ನಾನೂ ಮ್ಯಾಲ ಹೋಗ್ತೀನಿ.”

ಯಾರೂ ಸೇದುತ್ತಿರಲಿಲ್ಲ. ಅವರು ಎಲ್ಲರ ಬೆರಳು ಮೂಸಿದರು, ಜೇಬು ತಟ್ಟಿದರು. ಕಡೆಗೆ ಮೂಗು ಹಿಡಿದುಕೊಂಡೇ ನಮ್ಮ ಕಂಬದ ತುದಿಗೆ ಬಂದು ನಿಂತರು. ನಾನೂ ಭರಮುವೂ ಅದೇ ತುದಿಯಲ್ಲಿ ಅರ್ಧ ಗಂಟೆಯಿಂದ ನಿಂತಿದ್ದೆವು, ನಮಗೇನೂ ಗೊತ್ತಾಗಿರಲಿಲ್ಲ. ಗೋದಾಮಿನಲ್ಲಿ ಕುಡಿದ ತಂಬಾಕನ್ನೆಲ್ಲ ನಮ್ಮ ಇದ್ದಿಲು ಅಲ್ಲಿ ಕಕ್ಕುತ್ತಿತ್ತು. ಡೈಆಕ್ಸೈಡ್ ಟವೆಲ್ ಎಸೆಯುವ ಮೊದಲೇ ತಂಬಾಕು ಎಲ್ಲ ಸೀಟಿನಲ್ಲೂ ಕೂತುಬಿಟ್ಟಿತ್ತು. ವಾಸನೆ ಪೂರ್ತಿ ಹೋಗುವತನಕ ಕಾಸಿ ಮತ್ತೆ ಅನಿಲ ಬಿಟ್ಟೆವು. ಈ ಸಲ ಮೀಥೇನ್ ಒಂದೇ ಬಂತು. ಪೂರಾ ಶುದ್ಧವೇನಲ್ಲ, ಆದರೆ ಇಂಜಿನಿಯರ್ ತಲೆಯಾಡಿಸುವಷ್ಟು.

ಮರಳುವಾಗ ಬಸ್ಸಿನಲ್ಲಿ ನನಗೆ ಇನ್ನೊಂದು ಹೊಳೆಯಿತು. ಹೊಳೆದದ್ದು ನನಗೆ ಎಂದು ನಾನು, ತನಗೆ ಎಂದು ಭರಮು ಈಗಲೂ ಜಗಳಾಡುತ್ತೇವೆ. ಇಷ್ಟೆಲ್ಲ ವಾಸನೆಯನ್ನು ನಮ್ಮ ಚೀಲಗಳು ಗೋದಾಮಿನಿಂದ ಹೀರಿದ್ದರೆ ಅಣ್ಣಾನ ಮೂಗಿಗೆ ಉಳಿಯುವುದೇನು? ಅವರ ಮೂಗು ನೆಟ್ಟಗೇ ಇದೆ. ವಾಸನೆಯೇ ಇಲ್ಲದ ಗೋದಾಮಿನಲ್ಲಿ ಕೂತಿದ್ದಾರೆ. ಭರಮು ಸೀಟಿನಿಂದ ಎದ್ದು ನಿಂತ. ನಿಂತದ್ದಕ್ಕೆ ಆ ಸೀಟು ಹೋಯಿತು, ಚಿಕ್ಕೋಡಿಯಿಂದ ನಿಪ್ಪಾಣಿಯ ತನಕ ನಿಂತೇ ಬಂದ, ಅದರ ಪರಿವೆ ಅವನಿಗಿರಲಿಲ್ಲ.

ಅಣ್ಣಾನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬಸ್ಸು, ಸೀಟು, ಟವೆಲ್ ಎಲ್ಲ ಸೇರಿಸಿ ಹೇಳಿದೆ. ಅವರು ಲೋಡಿಗೆ ಒರಗಿ ಕಣ್ಣು ಮುಚ್ಚಿ ಕೇಳಿದರು.

“ಅಂದ್ರ ನನ್ನ ಮೂಗಿಗೆ ಏನೂ ಆಗಿಲ್ಲ.”

“ಏನೂ ಆಗಿಲ್ರಿ.”

“ನಿಮ್ಮ ಇದ್ದಿಲು ತಗದ ಕೂಡ್ಲೆ ವಾಸನಿ ಬರ್ತೈತಿ.”

“ಬರಾಕ ಬೇಕ್ರಿ.”

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. “ಎಷ್ಟ ದಿನಕ್ಕ?” ಎಂದು ಕೇಳಿದರು.

ಎಂಥ ವೈಜ್ಞಾನಿಕ ಪ್ರಶ್ನೆ ಎಂದು ನನಗೆ ಮೈಯುಬ್ಬಿತು. ವಿಶ್ವವಿದ್ಯಾಲಯದಲ್ಲಿ ಯಾರೂ ನನ್ನನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: “ಎಂಟ ದಿನಾ ಹಿಡೀಬಹುದ್ರಿ.”

ಚೀಲಗಳನ್ನೆಲ್ಲ ಸದಲಗಾ ದಾರಿಯ ಹೊಲದಲ್ಲಿ ಅವಸರಕ್ಕೆ ಎಬ್ಬಿಸಿದ ಶೆಡ್ಡಿಗೆ ಸಾಗಿಸಿದೆವು. ಎಂಟನೆಯ ದಿನ ಬೆಳಿಗ್ಗೆ, ಗಾದಿಯ ಮುಂದೆ ಜನ ಸೇರಿದ್ದ ಹೊತ್ತಿನಲ್ಲಿ, ಅಣ್ಣಾ ಒಂದು ಚಿಟಿಕೆ ತೆಗೆದು, ತಿಕ್ಕಿ, ಮೂಸಿ, ಓಣಿಗೆ ಕೇಳುವಂತೆ ಎರಡು ಸಲ ಸೀನಿದರು. “ಬಂತು” ಎಂದರು. ಆಯಿ ಒಳಗಿನಿಂದ ಬಂದು ಅವರ ಮುಖ ನೋಡಿ ಒಳಗೆ ಹೋದರು. ಪಾಡ್ಯದ ದಿನ ಗಾದಿಯ ಮೇಲೆ ಅಣ್ಣಾನೇ ಕೂತರು. ಭರಮು ಅವತ್ತು ಭಟ್ಟಿಯ ಮುಂದೆ ಇದ್ದ.

ಆಮೇಲೆ ನನಗೆ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಒಂದು ಕಡೆ ಬಹಳ ದಿನ ನಿಲ್ಲಲಾರದವನನ್ನು ಸರಿಯಾದ ಸಂಬಳ ಹೇಗೆ ನಿಲ್ಲಿಸುತ್ತದೆ ಎಂಬುದಕ್ಕೆ ನಾನೇ ಉದಾಹರಣೆ. ಭರಮು ಬೆಳೆದ. ಈಗ ಅವನದು ಶೆಡ್ಡಲ್ಲ, ತಗಡಿನ ದೊಡ್ಡ ಕಟ್ಟಡ. ಮಾಲನ್ನು ಗಾಳಿ ಹೋಗದ ಡ್ರಮ್ಮಿನಲ್ಲಿ ಮುಚ್ಚಿಡುತ್ತಾನೆ. ನಾನು ಮಾತ್ರ ಪ್ರತಿ ವರ್ಷ ಹೀರಿಕೆಯ ಪಾಠ ಬಂದಾಗ ಅಣ್ಣಾನ ಮೂಗಿನ ಕಥೆ ಹೇಳುತ್ತ ಬಂದಿದ್ದೇನೆ. ಹೇಳುತ್ತ ಹೇಳುತ್ತ ಮೂಗು ಉದ್ದವಾಯಿತು, ಸೀನು ಎರಡಿದ್ದದ್ದು ನಾಲ್ಕಾಯಿತು. ಒಂದು ವರ್ಷ ಇಂಜಿನಿಯರ್ ನನ್ನ ಕೈ ಕುಲುಕಿದ್ದರು ಎಂದೂ ಸೇರಿಸಿದೆ. ಕುಲುಕಿದ್ದರೇನೋ.

ಫ್ರಿಜ್ಜಿನ ಡಬ್ಬಿ ಸೀಳಿದ ಮಾರನೆಯ ದಿನ ಆ ಕರಿ ಕಾಳುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತರಗತಿಗೆ ತೋರಿಸಿ ಮತ್ತೆ ಅದೇ ಕಥೆ ಹೇಳಿದೆ. ಎಲ್ಲರೂ ನಗಬೇಕಾದಲ್ಲಿ ನಕ್ಕರು. ಸದಲಗಾದಿಂದ ಬರುವ ಒಬ್ಬ ಹುಡುಗಿ ನಗದೆ ಕೈಯೆತ್ತಿದಳು.

“ಸರ್, ಅವ್ರಿಗೆ ಮನಿಯಾಗ ಒಗ್ಗರಣಿ ವಾಸನಿ ಬರ್ತಿತ್ತಾ?”

“ಯಾಕ?”

“ಗೋದಾಮಿನ ವಾಸನಿ ಇದ್ದಿಲು ತಿಂದಿತ್ತು, ಸರಿ. ಮನಿ ಒಗ್ಗರಣಿ ತಿಂದಿರೂದಿಲ್ಲ ಅಲ್ರಿ.”

ನಾನು ಏನೋ ಉತ್ತರ ಕೊಟ್ಟೆ. ಉತ್ತರ ಕೊಡುವುದು ನಮ್ಮ ವೃತ್ತಿಯ ಕೆಟ್ಟ ಚಟ. ಆದರೆ ಗಂಟೆ ಬಾರಿಸುವತನಕ ಫಲಕಕ್ಕೆ ಮುಖ ಮಾಡಿಯೇ ಬರೆದೆ. ಯಾವ ಪರೀಕ್ಷೆಯಲ್ಲೂ ಹೋಲಿಸಿ ನೋಡಲು ಇನ್ನೊಂದು ಮಾದರಿ ಇರಬೇಕು ಎಂದು ಪಾಠ ಮಾಡುವವನು ನಾನು. ಅಷ್ಟು ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಕೂತು ಲೆಕ್ಕ ಹಾಕಿದರೆ ಇನ್ನೂ ಕೆಟ್ಟದಾಯಿತು. ಒಂದು ಮೂಲೆಯ ಕೆಲವು ಚೀಲ ಇದ್ದಿಲು ತನ್ನ ತೂತು ತುಂಬುವಷ್ಟು ತಂಬಾಕು ಕುಡಿಯಬಹುದು, ಅದು ಸರಿ. ಸೂರಿನ ತನಕ ಒಟ್ಟಿದ ಚೀಲಗಳ ವಾಸನೆಯನ್ನು ಮುಗಿಸಲು ಅದಕ್ಕೆ ಸಾಧ್ಯವಿಲ್ಲ. ಮೇಲಾಗಿ ಹೊಸದಾಗಿ ಬಿಚ್ಚಿದ ಚೀಲವನ್ನು ಮೂಗಿಗೆ ಹಿಡಿದರೆ ಇದ್ದಿಲು ನಡುವೆ ಬರುವುದೆಲ್ಲಿಂದ? ಎಂಟು ದಿನ ಎಂದು ನಾನು ಬಾಯಿಗೆ ಬಂದದ್ದು ಹೇಳಿದ್ದೆ, ಎಂಟನೆಯ ದಿನವೇ ಆಯಿತು. ಯಾವ ಪ್ರಯೋಗವೂ ಅಷ್ಟು ವಿಧೇಯವಾಗಿರುವುದಿಲ್ಲ. ಹಾಗಿದ್ದರೆ ಮೂಗು ಹೋಗಿತ್ತೇ, ಅಥವಾ ಮಗನನ್ನು ಗಾದಿಗೆ ಎಳೆಯಲು ಅಣ್ಣಾ ಹೂಡಿದ ನಾಟಕವೇ? ಈ ಎರಡನೆಯದು ನನಗೆ ಬಹಳ ಹಿಡಿಸಿತು. ಭಾನುವಾರ ನಿಪ್ಪಾಣಿಗೆ ಹೋದೆ.

ಅಣ್ಣಾ ಗಾದಿಯ ಮೇಲೆಯೇ ಇದ್ದರು. ಮುಖ ಬತ್ತಿದೆ, ಮೂಗು ಬತ್ತಿಲ್ಲ. ಭರಮು ಗಿರಾಕಿಯೊಬ್ಬನನ್ನು ಕರೆತರಲು ಸ್ಟ್ಯಾಂಡಿಗೆ ಹೋಗಿದ್ದ. ಆಯಿ ಒಳಬಾಗಿಲ ಹತ್ತಿರ ಕಡಲೆ ಹಸನು ಮಾಡುತ್ತಿದ್ದರು. ಸುತ್ತಿಬಳಸದೆ ಕೇಳಿದೆ: “ಅಣ್ಣಾ, ಆಗ ನಿಮಗ ಮನಿಯಾಗ ಒಗ್ಗರಣಿ ವಾಸನಿ ಬರ್ತಿತ್ತೇನ್ರಿ?”

ಅವರು ನಗಲಿಲ್ಲ, ಬೆಚ್ಚಲೂ ಇಲ್ಲ. “ಯಾರ ಕೇಳಿದ್ರು?” ಎಂದರು. “ನೀ ಅಂತೂ ಅಲ್ಲ.”

“ನನ್ನ ವಿದ್ಯಾರ್ಥಿ ಒಬ್ಬಾಕಿ.”

“ಆಕಿನ್ನ ಡಾಕ್ಟರ್ ಮಾಡು.” ಲೋಡನ್ನು ಸರಿಪಡಿಸಿಕೊಂಡರು. “ಬರ್ತಿರಲಿಲ್ಲೋ. ಒಗ್ಗರಣಿ ಇಲ್ಲ, ಊದಿನಕಡ್ಡಿ ಇಲ್ಲ, ಗಂಧ ಇಲ್ಲ. ಹೊತ್ತಿದ ಬ್ಯಾಳಿ ತಿಂದು ಛಲೋ ಆಗೇತಿ ಅಂದೆ, ಈಕಿಗೆ ಅವತ್ತ ಗೊತ್ತಾತು.”

“ಅವತ್ತಿಂದ ಅಡಗಿಗೆ ಹೆಸರ ಇಡೂದು ಬಿಟ್ರು” ಎಂದರು ಆಯಿ, ಮೊರದಿಂದ ತಲೆಯೆತ್ತದೆ.

“ಅಂದ್ರ ಮೂಗು ಹೋಗಿದ್ದು ನಾಟಕ ಅಲ್ಲ.”

“ಹೋಗಿದ್ದು ಖರೇ. ಬಂದಿದ್ದು ಸುಳ್ಳ.”

ಇಷ್ಟು ಸಣ್ಣ ವಾಕ್ಯಕ್ಕೆ ನನ್ನಲ್ಲಿ ಜಾಗವಿರಲಿಲ್ಲ.

“ಮಿರಜಿ ಡಾಕ್ಟರ್ ಅವತ್ತ ಹೇಳಿದ್ದ, ಇದು ತಿರಗಿ ಬರೂದಲ್ಲ ಅಂತ. ಹನಿ ನಾನ ಬೇಡಿ ಇಸಗೊಂಡೆ, ಕೈಯಾಗ ಏನರ ಇರಲಿ ಅಂತ. ನೀ ಬಂದು ಇದ್ದಿಲ ತಗದ್ರ ವಾಸನಿ ಬರ್ತೈತಿ ಅಂದಿ. ಭರಮು ಅದನ್ನ ನಂಬಿದ್ದ. ನನಗ ಅಷ್ಟ ಸಾಕಾತು.”

“ಆದ್ರ ಯಾಕ್ರಿ? ಅಂವ ಒಪ್ಕೊಂಡಿದ್ದ.”

“ಅಂವ ಮೂಸೂದ ನೋಡಿದ್ಯಲ್ಲ? ಸತ್ತ ಇಲಿ ಮೂಸಿದಂಗ ಮೂಸ್ತಿದ್ದ. ಗಿರಾಕಿ ಮಾಲಿನ ಮುಖಾ ನೋಡೂದಿಲ್ಲ, ಮೂಸಾವನ ಮುಖಾ ನೋಡ್ತಾನ. ಆರ ತಿಂಗಳದಾಗ ಗಾದಿ ಬೋರಲ ಆಗ್ತಿತ್ತು.” ಹಾಸಿನ ಮೇಲೆ ಬಿದ್ದ ಪುಡಿ ಒರಸಿದರು. “ಮತ್ತ ಅಂವ ಆ ಡ್ರಮ್ಮ ತೊಳದು, ಒರಸಿ, ಹಿತ್ತಲದಾಗ ಬೋರಲ ಹಾಕಿದ್ದ. ಯಾರಿಗೂ ಕಾಣಬಾರದು ಅಂತ ಮ್ಯಾಲ ಗೋಣಿತಟ್ಟ ಹೊದಿಸಿದ್ದ. ನಾ ಕಂಡೆ.”

ಇಷ್ಟು ವರ್ಷ ವ್ಯಾಪಾರ ಹೇಗೆ ನಡೆಯಿತು ಎಂದು ಕೇಳಿದೆ. ಅಣ್ಣಾ ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿದರು. “ವಾಸನಿ ಹೋತು, ಘಾಟ ಉಳೀತು. ಮೂಗಿನ ಒಳಗ ಚುಚ್ಚೂದು ಗೊತ್ತಾಗ್ತೈತಿ, ಸೀನ ಬರ್ತೈತಿ. ಬೀಡಿ ಮಾಲಿಗೆ ಬೇಕಾಗಿದ್ದೂ ಅದ. ಉಳಿದಿದ್ದು ತಿಕ್ಕಿದ್ರ ಬೆರಳಿಗೆ ಗೊತ್ತಾಗ್ತೈತಿ.” ಅದು ನಿಜ. ಘಾಟಿನ ನರ ಬೇರೆ, ವಾಸನೆಯ ನರ ಬೇರೆ. ನನ್ನ ಪುಸ್ತಕಗಳಲ್ಲಿ ಇದೆ. ಆ ಸೀನು ಕೇಳಿ ಮೂಗು ಬಂತೆಂದು ಕುಣಿದಾಗ ನಾನು ಆ ಪುಟ ತೆರೆದಿರಲಿಲ್ಲ.

“ಭರಮುಗ ಗೊತ್ತೈತೇನ್ರಿ?”

“ಗೊತ್ತಾದ್ರ ನಾಳಿಗೆ ಬಂದು ಇಲ್ಲಿ ಕೂಡ್ತಾನ. ಅಂವ ಅಂಥಾವ.” ಆಯಿಯ ಕೈಯಲ್ಲಿ ಮೊರ ಒಂದು ಕ್ಷಣ ನಿಂತು ಮತ್ತೆ ಆಡಿತು.

ಹೊರಗೆ ಗಾಡಿ ನಿಂತ ಸದ್ದಾಯಿತು. ಭರಮು ಒಳಬಂದ, ಅವನ ಹಿಂದೆ ಕಾಗಲ್ ಕಡೆಯ ಹೊಸ ಗಿರಾಕಿ, ಬಿಳಿ ಟೋಪಿಯ ನಡುವಯಸ್ಸಿನವನು. ನನ್ನನ್ನು ಕಂಡು ಭರಮುವಿಗೆ ಖುಷಿಯೋ ಖುಷಿ. ತೋಳಿನ ಮೇಲೆ ಕರಿ ಇನ್ನೂ ಇತ್ತು. ಅಣ್ಣಾ ಚೀಲದಿಂದ ಚಿಟಿಕೆ ತೆಗೆದರು, ತಿಕ್ಕಿದರು, ಬೆರಳ ತುದಿಯಲ್ಲಿ ಬಹಳ ಹೊತ್ತು ಹೊರಳಿಸಿದರು, ಆಮೇಲೆ ಮೂಗಿಗೆ ಹಿಡಿದು ಕಣ್ಣು ಮುಚ್ಚಿ ದೀರ್ಘವಾಗಿ ಎಳೆದರು. ಸೀನು ಬಂತು.

“ಕಡಕ್ ಐತಿ” ಎಂದರು. “ಯರನಾಳ ಕಡೆ ಹೊಲದ್ದು.”

“ನೋಡ ದೋಸ್ತ, ಈ ವಯಸ್ಸಿನ್ಯಾಗ ಮೂಗ ಹ್ಯಾಂಗೈತಿ” ಎಂದು ಭರಮು ನನ್ನ ಬೆನ್ನು ತಟ್ಟಿ, ಗಿರಾಕಿಯ ಕಡೆ ತಿರುಗಿದ. ಒಮ್ಮೆ ನಮ್ಮ ಇದ್ದಿಲಿನಿಂದಾಗಿ ಈ ಮೂಗು ಕೆಲಸ ನಿಲ್ಲಿಸಿತ್ತು, ಆಮೇಲೆ ಎಂಟೇ ದಿನದಲ್ಲಿ ಹೇಗೆ ಮರಳಿತು ಎಂದು ಮರಾಠಿಯಲ್ಲಿ ಶುರುಮಾಡಿ, ಅರ್ಧದಲ್ಲಿ ನಿಲ್ಲಿಸಿ, “ಇವ್ರನ್ನ ಕೇಳ್ರಿ, ಇವ್ರು ಡಾಕ್ಟರ್, ಶಾಸ್ತ್ರಾ ಹೇಳ್ತಾರ” ಎಂದ.

ನಾನು ಹೇಳಿದೆ. ಬಸ್ಸು ಹೇಳಿದೆ, ಟವೆಲ್ ಹೇಳಿದೆ, ಬೀಡಿ ಹುಡುಕಿದ ಇಂಜಿನಿಯರನ್ನು ಹೇಳಿದೆ, ಎಂಟು ದಿನ ಹೇಳಿದೆ. ಯಾವ ತರಗತಿಯಲ್ಲೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಅಣ್ಣಾ ಅಂಗೈಯ ಪುಡಿಯನ್ನು ಝಾಡಿಸುತ್ತ ಬೇರೆ ಕಡೆ ನೋಡುತ್ತಿದ್ದರು.

ಗಿರಾಕಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನೂ ಸುಲಭಕ್ಕೆ ನಂಬುವ ಪೈಕಿಯಲ್ಲ. ಭರಮುವನ್ನು ನೋಡಿದ, ಅಣ್ಣಾನನ್ನು ನೋಡಿದ, ಕಡೆಗೆ ನನ್ನನ್ನು ನೋಡಿ ಕೇಳಿದ: “ಖರಂ ಕಾ ಸಾಹೇಬ? ಖರೇ ಏನ್ರಿ ಇದು?”

ಯಾವುದಕ್ಕೂ “ಇರಬಹುದು” ಎನ್ನುವುದೇ ನನ್ನ ಜನ್ಮದ ರೂಢಿ.

“ಖರೇ” ಎಂದೆ.